ಕಾಯಿಲೆ ಕೊತ್ತಿಗೆ ಯಾವ ಮರಳು?

ದಿಂಡಿಗಲ್ ದಾಟಿ, ವತ್ತಲಗುಂಡಿನ ಮೇಲೆ ತೇನಿಗೆ ಬಂದು, ಅಲ್ಲಿಂದ ನೈಋತ್ಯಕ್ಕೆ ತಿರುಗಿದರೆ ಕಂಬಂ ಕಣಿವೆ. ಎರಡೂ ಕಡೆ ಬೆಟ್ಟದ ಗೋಡೆ, ನಡುವೆ ಭತ್ತದ ಗದ್ದೆ, ಬಾಳೆ, ತೆಂಗು, ದ್ರಾಕ್ಷಿ ಚಪ್ಪರ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟೆ ಮುಗಿದು ಘಟ್ಟದ ಆಚೆಯ ನೀರು ಈಚೆಗೆ ಹರಿದ ಮೇಲೆ ಈ ಸೀಮೆಯ ಹಣೆಬರಹವೇ ಬದಲಾಯಿತು. ಇಲ್ಲಿಯ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಈ ಕಣಿವೆಯಲ್ಲಿ ಕನ್ನಡವೂ ಉಂಟು. ಶತಮಾನಗಳ ಹಿಂದೆ ಕನ್ನಡ ಸೀಮೆಯಿಂದ ಬಂದು ನೆಲೆನಿಂತ ಕಪ್ಪಿಲಿಯರು ಬೀದಿಯಲ್ಲಿ ತಮಿಳು, ಮನೆಯೊಳಗೆ ತಮಿಳು ಬೆರೆತ ಕನ್ನಡ ಆಡುತ್ತಾರೆ. ಒಕ್ಕಲುತನದ ಜನ, ದನವೆಂದರೆ ದೇವರು. ಕಂಬಂನ ನಂದಗೋಪಾಲನ ಗುಡಿಯಲ್ಲಿ 'ತಂಬಿರಾನ್ ಮಾಡು' ಎಂದು ದೇವರ ಹೆಸರಿನ ದನಗಳ ಹಿಂಡನ್ನೇ ಸಾಕಿಕೊಂಡು ಬಂದಿದ್ದಾರೆ. ಕೊಟ್ಟಿಗೆಗೆ ಯಾವಾಗ ಒಣ ಹುಲ್ಲು ಹಾಸಬೇಕು, ಗೊರಸು ನೊಂದ ಹಸುವಿಗೆ ಎಂಥ ನೆಲ ಬೇಕು ಎಂಬುದನ್ನು ಇಲ್ಲಿಯ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಕೊತ್ತಿಗೆ? ಕೊತ್ತಿ ಎಂದರೆ ಬೆಕ್ಕು, ನಮ್ಮ ಹಳೇ ಮೈಸೂರು ಕಡೆಯ ಮಾತು. ತನ್ನ ಪಾಡಿಗೆ ತಾನು ಹೊರಗೆ ಹೋಗಿ, ಕೆಲಸ ಮುಗಿಸಿ, ಮಣ್ಣು ಮುಚ್ಚಿ ಬರುವ ಪ್ರಾಣಿ. ಅದಕ್ಕೆ ನಾವೇನು ಹಾಸುವುದು ಅಂತ ನಾನೂ ತಿಳಿದಿದ್ದೆ. ಆ ತಿಳಿವಳಿಕೆಗೆ ಒಂದು ಜೀವ ತೆರಬೇಕಾಯಿತು.

ಸಿಮೆಂಟಾದ ಹಿತ್ತಿಲು

ನನ್ನ ಚಿಕ್ಕಮ್ಮನ ಮನೆ ಕಂಬಂನಲ್ಲಿ. ಚಿಕ್ಕಪ್ಪ ಏಲಕ್ಕಿ ವ್ಯಾಪಾರ ಹಿಡಿದು ಬಂದವರು ಅಲ್ಲೇ ನೆಲೆನಿಂತರು. ಅವರು ತೀರಿಕೊಂಡ ಮೇಲೆ ಚಿಕ್ಕಮ್ಮನ ಜೊತೆಗೆ ಇದ್ದದ್ದು ಒಂದು ಮುದಿ ಹೆಣ್ಣು ಕೊತ್ತಿ, ಅದರ ಮಗ ಒಂದು ಗಂಡು ಕೊತ್ತಿ. ಹಿತ್ತಿಲಲ್ಲಿ ಮಣ್ಣಿತ್ತು, ಬಾಳೆ ಬುಡವಿತ್ತು. ಎರಡು ವರ್ಷದ ಹಿಂದೆ ಕೆಸರು ಬೇಡವೆಂದು ಹಿತ್ತಿಲಿಗೆಲ್ಲ ಸಿಮೆಂಟು ಹಾಕಿಸಿದರು. ಮನೆ ಚೊಕ್ಕಟವಾಯಿತು. ಕೊತ್ತಿಗಳಿಗೆ ಮಾತ್ರ ಕೆದಕಲು ಒಂದು ಹಿಡಿ ಮಣ್ಣಿಲ್ಲದಂತಾಯಿತು. ಮೂಲೆಯಲ್ಲಿ ಒಂದು ಟಬ್ಬಿಗೆ ಕಟ್ಟಡಕ್ಕೆ ತಂದಿದ್ದ ಎಂ-ಸ್ಯಾಂಡ್ ಸುರಿದು ಇಟ್ಟರು. ಕಲ್ಲು ಅರೆದು ಮಾಡಿದ ಮರಳು ಅದು, ಅಂಚು ಚೂಪು. ಮೋಡದ ದಿನ ಒದ್ದೆಯಾಗಿ ಗಟ್ಟಿ ಕೂರುತ್ತಿತ್ತು, ಬಿಸಿಲಿಗೆ ಧೂಳೇಳುತ್ತಿತ್ತು. ಗಂಡು ಕೊತ್ತಿ ಅದರ ಅಂಚಿನ ಮೇಲೆ ನಿಂತು, ಮೂಸಿ, ವಾಪಸು ಬರುತ್ತಿತ್ತಂತೆ.

ಒಂದು ರಾತ್ರಿ ಚಿಕ್ಕಮ್ಮ ಫೋನು ಮಾಡಿದರು. "ನೋಡಪ್ಪ, ಇದು ಬೆಳಗ್ಗೆಯಿಂದ ಹತ್ತು ಸಲ ಹೋಗಿ ಕೂತ್ಕೊಳ್ತು, ಮುಕ್ಕುರಿತು, ಕೂಗ್ತು. ಏನೂ ಆಗ್ತಿಲ್ಲ. ಹೊಟ್ಟೆ ಕಟ್ಟಿದೆ ಅನ್ಸುತ್ತೆ."

ನಾನು ಬಲ್ಲವನ ಹಾಗೆ ಹೇಳಿದೆ: "ಬಿಸಿಲು ಜಾಸ್ತಿ ಅಲ್ವಾ ಚಿಕ್ಕಮ್ಮ, ಮಲಬದ್ಧತೆ ಇರ್ಬೇಕು. ಒಂದು ಚಮಚ ಹರಳೆಣ್ಣೆ ಕೊಡಿ, ನಾಳೆ ನೋಡೋಣ."

ನಾಳೆ ಸಂಜೆ ಕೊತ್ತಿ ಸತ್ತಿತು. ಅದಕ್ಕೆ ಕಟ್ಟಿದ್ದು ಮಲವಲ್ಲ, ಮೂತ್ರ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಸಣ್ಣ ಹರಳು, ಲೋಳೆ, ಉರಿಯೂತ, ಯಾವುದರಿಂದಲಾದರೂ ಅದು ಮುಚ್ಚಿಕೊಂಡರೆ ಮೂತ್ರ ಒಳಗೇ ನಿಲ್ಲುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುವವರೆಗೆ ಬರುತ್ತದೆ. ಒಂದೆರಡು ದಿನದ ಆಟ ಅಷ್ಟೆ. ಅದೇ ರಾತ್ರಿ ಪಶುವೈದ್ಯರ ಹತ್ತಿರ ಹೋಗಿದ್ದರೆ ಸಣ್ಣ ಕೊಳವೆ ಹಾಕಿ ಬಿಡಿಸಬಹುದಿತ್ತು. ಗಂಡು ಬೆಕ್ಕು ಮತ್ತೆ ಮತ್ತೆ ಹೋಗಿ ಕುಳಿತು, ಏನೂ ಬಾರದೆ ಕೂಗಿದರೆ, ಕೆಳಗೆ ಬಿಡದೆ ನೆಕ್ಕಿಕೊಂಡರೆ, ಅದನ್ನು ಮಲಬದ್ಧತೆ ಎಂದುಕೊಳ್ಳಬೇಡಿ. ಬೆಳಗಾಗಲಿ ಎಂದು ಕಾಯಬೇಡಿ. ಈ ಲೇಖನದಲ್ಲಿ ಬೇರೇನೂ ನೆನಪಿರದಿದ್ದರೂ ಇದೊಂದು ನೆನಪಿರಲಿ.

ಹಿತ್ತಿಲಿಗೆ ಸಿಮೆಂಟು ಹಾಕಿದ್ದರಿಂದಲೇ ಅದು ಸತ್ತಿತೆಂದು ನಾನು ಹೇಳುವುದಿಲ್ಲ. ಆ ಕಾಯಿಲೆಗೆ ಆಹಾರ, ನೀರು ಕಡಿಮೆ ಕುಡಿಯುವುದು, ಮೈ ಬೊಜ್ಜು, ಮನಸ್ಸಿನ ಕಿರಿಕಿರಿ, ಹೀಗೆ ಹಲವು ಕಾರಣ. ಆದರೆ ಜಾಗ ಹಿಡಿಸದ ಬೆಕ್ಕು ಮೂತ್ರ ಹಿಡಿದುಕೊಳ್ಳುತ್ತದೆ, ಕಿರಿಕಿರಿಯೂ ಹೆಚ್ಚುತ್ತದೆ. ಅದು ಕಾಯಿಲೆಗೆ ದಾರಿ.

ಕೆಲವು ತಿಂಗಳ ಮೇಲೆ ತಾಯಿ ಕೊತ್ತಿ ನೀರು ಕುಡಿಯುವುದು ಜಾಸ್ತಿಯಾಯಿತು, ಹಿಂಗಾಲು ಬಿಗಿಯಾಯಿತು. ಅದಕ್ಕೆ ಹದಿಮೂರು ವರ್ಷ. ಪಶುವೈದ್ಯರು ಮೂತ್ರಪಿಂಡ ಸೋತಿದೆ ಎಂದರು. ಚಿಕ್ಕಮ್ಮ ಮತ್ತೆ ಫೋನು ಮಾಡಿದರು: "ಈ ಸಲ ಗೊತ್ತಿದ್ದು ಹೇಳು." ಆ ಮಾತಿನ ಚುಚ್ಚು ನನಗೆ ತಾಗಿತು. ಅಂದಿನಿಂದ ವೈದ್ಯರನ್ನು ಕೇಳಿ, ಓದಿ, ಕಂಬಂಗೆ ಹೋಗಿ ಟಬ್ಬುಗಳನ್ನಿಟ್ಟು ನೋಡಿ ತಿಳಿದುಕೊಂಡದ್ದು ಇಲ್ಲಿದೆ.

ಬೂದಿಯಿಂದ ಜೇಡಿಗೆ

ಬೆಕ್ಕಿನ ಮೂಲ ಮರುಭೂಮಿ ಸೀಮೆಯದು. ಸಡಿಲವಾದ, ನುಣುಪಾದ ಮರಳು ಕಂಡರೆ ಅದರ ಕಾಲು ತಾನಾಗಿ ಕೆದಕುತ್ತದೆ. ಮನೆಯೊಳಗೆ ಸಾಕಿದಾಗ ನಮ್ಮವರು ಒಲೆಯ ಬೂದಿ ಹಾಕಿಡುತ್ತಿದ್ದರು. ಅಮೆರಿಕದಲ್ಲೂ ಹಾಗೇ ಇತ್ತು. 1947ರಲ್ಲಿ ಮಿಷಿಗನ್ ರಾಜ್ಯದ ಕಸೋಪೊಲಿಸ್ ಎಂಬ ಊರಿನ ಎಡ್ವರ್ಡ್ ಲೋ ಎಂಬವನ ಬಳಿ ನೆರೆಮನೆಯಾಕೆ ಬೆಕ್ಕಿಗೆ ಮರಳು ಕೇಳಿಕೊಂಡು ಬಂದಳು. ಅವಳ ಮರಳಿನ ರಾಶಿ ಚಳಿಗೆ ಹೆಪ್ಪುಗಟ್ಟಿತ್ತು, ಬೂದಿ ಹಾಕಿದರೆ ಬೆಕ್ಕು ಮನೆಯೆಲ್ಲ ಕರಿ ಹೆಜ್ಜೆ ಮೂಡಿಸುತ್ತಿತ್ತು. ಎಣ್ಣೆ ಹೀರಲು ಇಟ್ಟಿದ್ದ ಒಣ ಜೇಡಿಯ ಕಾಳನ್ನು ಅವನು ಕೊಟ್ಟ. ಅದು ಹಿಡಿಸಿತು. ಅಲ್ಲಿಂದ ಬೆಕ್ಕಿನ ಮರಳು ಎಂಬ ವ್ಯಾಪಾರವೇ ಹುಟ್ಟಿತು. 1980ರ ದಶಕದಲ್ಲಿ ಬೆಂಟೊನೈಟ್ ಎಂಬ ಜೇಡಿ ಬಂತು. ನೀರು ತಾಗಿದರೆ ಅದು ಉಬ್ಬಿ ಉಂಡೆ ಕಟ್ಟುತ್ತದೆ. ಉಂಡೆಯನ್ನಷ್ಟೇ ಎತ್ತಿ ಎಸೆಯಬಹುದು. ನಮ್ಮ ದೇಶದಲ್ಲಿ ಗುಜರಾತಿನ ಕಚ್ಛ್, ರಾಜಸ್ಥಾನದ ಬಾರ್ಮೇರ್ ಕಡೆ ಈ ಜೇಡಿ ಸಿಗುತ್ತದೆ.

ಯಾವ ಕಾಯಿಲೆಗೆ ಯಾವುದು

ಈಗ ಅಂಗಡಿಯಲ್ಲಿ ಜೇಡಿ, ಗಾಜಿನ ಹರಳಿನಂಥ ಸಿಲಿಕಾ, ಮರದ ಗುಳಿಗೆ, ಕಾಗದದ ಗುಳಿಗೆ, ಸೋಯಾ ಕಡ್ಡಿ, ಹೀಗೆ ಬಗೆಬಗೆ ಸಿಗುತ್ತದೆ. ಚೀಲದ ಮೇಲೆ ಬರೆದ ಪರಿಮಳ ನೋಡಿ ಕೊಂಡು ಮೋಸ ಹೋಗುವವರೇ ಹೆಚ್ಚು. ಪರಿಮಳ ನಮ್ಮ ಮೂಗಿಗೆ, ಬೆಕ್ಕಿಗಲ್ಲ. ನುಣ್ಣಗಿನ ಕಾಳು, ವಾಸನೆಯಿಲ್ಲದ್ದು, ಧೂಳಿಲ್ಲದ್ದು, ಇದು ಮೊದಲ ಸೂತ್ರ. ಉಳಿದದ್ದು ಕಾಯಿಲೆ ನೋಡಿ.

ಮೂತ್ರದ ತೊಂದರೆ, ಮೂತ್ರಪಿಂಡ, ಸಕ್ಕರೆ ಕಾಯಿಲೆ: ಇವಕ್ಕೆ ಉಂಡೆ ಕಟ್ಟುವ ಜೇಡಿಯೇ ಮೇಲು, ಯಾಕೆಂದರೆ ಅದು ಲೆಕ್ಕ ಕೊಡುತ್ತದೆ. ದಿನಕ್ಕೆ ಎಷ್ಟು ಉಂಡೆ, ಎಷ್ಟು ದೊಡ್ಡದು ಎಂದು ನೋಡಿದರೆ ಬೆಕ್ಕಿನ ಒಳಗಿನ ಸಂಗತಿ ಹೊರಗೆ ಕಾಣುತ್ತದೆ. ಸಣ್ಣ ಸಣ್ಣ ಉಂಡೆ ಹತ್ತಾರು ಬಿದ್ದರೆ ಮೂತ್ರಕೋಶದ ಉರಿ. ಉಂಡೆಯೇ ಇಲ್ಲದಿದ್ದರೆ ಕೂಡಲೇ ಆಸ್ಪತ್ರೆ. ಉಂಡೆ ದಿನದಿನಕ್ಕೆ ದಪ್ಪವಾದರೆ ಮೂತ್ರಪಿಂಡವೋ ಸಕ್ಕರೆಯೋ ಪರೀಕ್ಷೆ ಮಾಡಿಸಬೇಕು. ಮೂತ್ರಪಿಂಡದ ಮೂರರಲ್ಲಿ ಸುಮಾರು ಎರಡು ಪಾಲು ಕೆಲಸ ನಿಂತ ಮೇಲೆಯೇ ಬೆಕ್ಕು ನೀರಿನಂಥ ಮೂತ್ರ ಹೆಚ್ಚು ಮಾಡತೊಡಗುವುದು. ಆದ್ದರಿಂದ ಉಂಡೆ ದಪ್ಪವಾದದ್ದು ಕಂಡ ದಿನವೇ ತಡವಾಗಿರುತ್ತದೆ, ಇನ್ನೂ ತಡಮಾಡಬಾರದು. ಸಿಲಿಕಾ ಹರಳು ಮೂತ್ರವನ್ನು ಹೀರಿ ಬಚ್ಚಿಡುತ್ತದೆ, ಲೆಕ್ಕ ಸಿಗದು.

ಉಬ್ಬಸ: ಬೆಕ್ಕಿಗೂ ಉಬ್ಬಸ ಬರುತ್ತದೆ. ಕುತ್ತಿಗೆ ಚಾಚಿ ನೆಲಕ್ಕೆ ಬಗ್ಗಿ ಕೆಮ್ಮುತ್ತದೆ. ನಾವು ಕೂದಲು ವಾಂತಿ ಎಂದುಕೊಳ್ಳುತ್ತೇವೆ. ಅಂಥದ್ದಕ್ಕೆ ಧೂಳೇ ಶತ್ರು. ಸುರಿಯುವಾಗ ಹೊಗೆಯಂತೆ ಏಳುವ ಅಗ್ಗದ ಜೇಡಿ ಬೇಡ, ಪರಿಮಳದ್ದು ಬೇಡವೇ ಬೇಡ. ಕಾಗದದ ಗುಳಿಗೆ ಒಳ್ಳೆಯದು. ಮುಚ್ಚಳವಿರುವ ಡಬ್ಬಿ ಇಡಬಾರದು, ಧೂಳು ಒಳಗೇ ತಿರುಗುತ್ತದೆ.

ಮುಪ್ಪು, ಕೀಲುನೋವು: 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹನ್ನೆರಡು ವರ್ಷ ದಾಟಿದ ನೂರು ಬೆಕ್ಕುಗಳ ಎಕ್ಸ್‌ರೇ ನೋಡಿದಾಗ ತೊಂಬತ್ತರಲ್ಲಿ ಕೀಲು ಸವೆತ ಕಂಡಿತ್ತು. ಕುಂಟದಿದ್ದರೂ ನೋವಿರುತ್ತದೆ. ಎತ್ತರದ ಟಬ್ ಹತ್ತಲಾರದೆ ಅವು ಪಕ್ಕದಲ್ಲೇ ಮಾಡಿದರೆ ನಾವು ಬೈಯುತ್ತೇವೆ. ಟಬ್ಬಿನ ಒಂದು ಬದಿಯನ್ನು ನಾಲ್ಕು ಬೆರಳೆತ್ತರಕ್ಕೆ ಕೊಯ್ದು, ಅಂಚು ಉಜ್ಜಿ ನಯಮಾಡಿ. ಕಾಳು ಮೆತ್ತಗಿರಲಿ, ಗುಳಿಗೆ, ಹರಳು ಪಾದಕ್ಕೆ ಒತ್ತುತ್ತವೆ. ಆಳ ಎರಡು ಮೂರು ಬೆರಳಿದ್ದರೆ ಸಾಕು, ಹೆಚ್ಚಾದರೆ ಕಾಲು ಹೂತು ಜಾರುತ್ತದೆ.

ಆಪರೇಷನ್ ಆದ ಮೇಲೆ: ಹೊಲಿಗೆ ಒಣಗುವ ಹತ್ತು ದಿನ ಉಂಡೆ ಕಟ್ಟುವ ಜೇಡಿ ಬೇಡ, ಗಾಯಕ್ಕೆ ಅಂಟುತ್ತದೆ. ಹಳೆಯ ದಿನಪತ್ರಿಕೆ ಹರಿದು ಹಾಕಿ. ನಮ್ಮ ಪತ್ರಿಕೆಯಾದರೂ ಬೇಜಾರಿಲ್ಲ.

ಮರಿಗಳು: ನಾಲ್ಕು ತಿಂಗಳೊಳಗಿನ ಮರಿ ಕಂಡದ್ದೆಲ್ಲ ಬಾಯಿಗೆ ಹಾಕುತ್ತದೆ. ಉಬ್ಬುವ ಜೇಡಿ ಕರುಳಲ್ಲಿ ಉಬ್ಬಿದರೆ ಅಪಾಯ. ಅವಕ್ಕೂ ಕಾಗದವೇ ಸರಿ.

ಕಣಿವೆಯಲ್ಲೇ ಸಿಗುವ ಸರಕು

"ಅಷ್ಟು ದುಡ್ಡು ಕೊಟ್ಟು ಮಣ್ಣು ತರೋದಾ?" ಎಂದು ಚಿಕ್ಕಮ್ಮ ನಕ್ಕರು. ನ್ಯಾಯವಾದ ಪ್ರಶ್ನೆ. ಸುತ್ತಮುತ್ತ ಸಿಗುವ ಸರಕನ್ನು ಒಂದೊಂದಾಗಿ ನೋಡಿದೆವು.

ಭತ್ತದ ಹೊಟ್ಟು ಅಕ್ಕಿ ಗಿರಣಿಯಲ್ಲಿ ಬೇಕಾದಷ್ಟು. ಆದರೆ ಅದರಲ್ಲಿ ಸಿಲಿಕಾ ಹೆಚ್ಚು, ಅಂಚು ಚುಚ್ಚುತ್ತದೆ, ನೀರು ಹೀರುವುದು ಕಡಿಮೆ. ಹೊಟ್ಟು ಸುಟ್ಟ ಬೂದಿ ಇನ್ನೂ ಕೆಟ್ಟದ್ದು, ಆ ನುಣ್ಣನೆ ಧೂಳು ಬೆಕ್ಕಿನ ಶ್ವಾಸಕೋಶಕ್ಕೂ ಬೇಡ, ಗುಡಿಸುವವರಿಗೂ ಬೇಡ. ಸೌದೆ ಬೂದಿ ಒದ್ದೆಯಾದರೆ ಕ್ಷಾರವಾಗುತ್ತದೆ. ಪಾದ ಉರಿಯುತ್ತದೆ, ನೆಕ್ಕಿದರೆ ಬಾಯಿ ಉರಿಯುತ್ತದೆ. ಗರಗಸದ ಮಿಲ್ಲಿನ ಮರದ ಪುಡಿಯಲ್ಲಿ ಧೂಳಿರುತ್ತದೆ, ಔಷಧಿ ಹೊಡೆದ ಮರವೂ ಸೇರಿರಬಹುದು. ಆರೋಗ್ಯವಂತ ಬೆಕ್ಕಿಗೆ ಜರಡಿ ಹಿಡಿದು ಹಾಕಬಹುದು, ಕೆಮ್ಮುವ ಬೆಕ್ಕಿಗೆ ಬೇಡ.

ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಪುಡಿ ಮಾತ್ರ ನಮಗೆ ಹಿಡಿಸಿತು. ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ, ಮೆತ್ತಗಿದೆ, ವಾಸನೆ ತಡೆಯುತ್ತದೆ. ಉಪ್ಪಿನ ಅಂಶ ಹೋಗುವಂತೆ ಎರಡು ಸಲ ತೊಳೆದು, ಬಿಸಿಲಿಗೆ ಒಣಗಿಸಿ, ಜರಡಿಯಲ್ಲಿ ಧೂಳು ಕಳೆಯಬೇಕು. ಉಂಡೆ ಕಟ್ಟುವುದಿಲ್ಲ ಎಂಬುದೊಂದೇ ಕೊರತೆ. ಹಳೆಯ ಕಾಲದ ನದಿ ಮರಳು ತೊಳೆದು ಒಣಗಿಸಿ ಹಾಕಿದರೆ ಬೆಕ್ಕಿಗೆ ಇಷ್ಟವೇ. ಆದರೆ ಅದು ಹೀರುವುದಿಲ್ಲ, ದಿನಾ ಬದಲಿಸಬೇಕು. ಅದಕ್ಕಿಂತ ಹೆಚ್ಚಾಗಿ, ನದಿಯಲ್ಲಿ ಮರಳೇ ಉಳಿಯದ ಕಾಲ ಇದು.

ಮಗ್ಗದ ಮನೆಯ ನೂಲು

ವಾಪಸು ಬರುವಾಗ ದಿಂಡಿಗಲ್‌ನಲ್ಲಿಳಿದು, ಮಧುರೈ ರಸ್ತೆಯಲ್ಲಿರುವ ಚಿನ್ನಾಳಪಟ್ಟಿಗೆ ಹೋಗಿದ್ದೆ. ಸುಂಗುಡಿ ಸೀರೆಗೆ ಹೆಸರಾದ ನೇಕಾರರ ಊರು. ಕನ್ನಡ ಮಾತಾಡುವ ದೇವಾಂಗ ಮನೆತನಗಳು ಅಲ್ಲಿವೆ. ನೂಲು ಕಡಿಯುವ ಇಲಿಯ ಕಾಟಕ್ಕೆ ಬೆಕ್ಕು ಸಾಕುವುದು ಇಂಥ ಕಡೆ ಹೊಸದೇನಲ್ಲ. ಒಂದು ಮನೆಯಲ್ಲಿ ಕಸದ ನೂಲನ್ನೇ ಬುಟ್ಟಿಗೆ ತುಂಬಿ ಬೆಕ್ಕಿಗೆ ಇಟ್ಟಿದ್ದರು. ಮೆತ್ತಗಿದೆ, ಖರ್ಚಿಲ್ಲ, ಸರಿ ತಾನೆ ಅಂತ ಕೇಳಿದರು. ಸರಿಯಲ್ಲ. ಬೆಕ್ಕಿನ ನಾಲಿಗೆಯ ಮುಳ್ಳು ಹಿಂದಕ್ಕೆ ಬಾಗಿವೆ. ಬಾಯಿಗೆ ಸಿಕ್ಕ ಎಳೆಯನ್ನು ಅದು ಉಗಿಯಲಾರದು, ನುಂಗುತ್ತಲೇ ಹೋಗುತ್ತದೆ. ಎಳೆಯ ಒಂದು ತುದಿ ನಾಲಿಗೆಯ ಬುಡಕ್ಕೆ ಸಿಕ್ಕಿಕೊಂಡು ಇನ್ನೊಂದು ತುದಿ ಕರುಳಿಗಿಳಿದರೆ, ಕರುಳು ನೆರಿಗೆಯಾಗಿ ಕೊಯ್ದುಹೋಗುತ್ತದೆ. ನೂಲು ಬಾಯಲ್ಲೋ ಹಿಂದೆಯೋ ಕಂಡರೆ ಎಳೆಯಬಾರದು, ಹಾಗೇ ವೈದ್ಯರ ಬಳಿ ಒಯ್ಯಬೇಕು. ಆ ಮನೆಯ ಯಜಮಾನರು ಕೇಳಿ, ಸುಮ್ಮನಿದ್ದು, ಬುಟ್ಟಿ ಎತ್ತಿ ಒಳಗಿಟ್ಟರು.

ಫಿನಾಯಿಲ್ ಬೇಡ, ಅವಸರ ಬೇಡ

ಟಬ್ ತೊಳೆಯಲು ನಾವು ಮೊದಲು ಕೈ ಚಾಚುವುದು ಫಿನಾಯಿಲ್ ಬಾಟಲಿಗೆ. ಫಿನಾಲ್ ಜಾತಿಯ ಔಷಧಗಳನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಕೋಶಕ್ಕಲ್ಲ, ಯಕೃತ್ತಿಗೇ ಕಡಿಮೆ. ಪಾದಕ್ಕಂಟಿದ್ದನ್ನು ನೆಕ್ಕಿದರೂ ವಿಷ. ಬ್ಲೀಚಿಂಗ್ ಪುಡಿ ಮೂತ್ರದ ಅಮೋನಿಯಾದ ಜೊತೆ ಸೇರಿದರೆ ಉಸಿರು ಕಟ್ಟಿಸುವ ಅನಿಲ ಬರುತ್ತದೆ. ಬಿಸಿನೀರು, ಸಾದಾ ಸೋಪು, ಬಿಸಿಲು, ಇಷ್ಟೇ ಸಾಕು. ಮಾತು ಬಂತೆಂದು ಇದನ್ನೂ ಹೇಳುತ್ತೇನೆ: ಬೆಕ್ಕಿಗೆ ಜ್ವರವೆಂದು ಪ್ಯಾರಾಸಿಟಮಾಲ್ ಕೊಡಬಾರದು. ಒಂದೇ ಮಾತ್ರೆ ಕೊಲ್ಲಬಲ್ಲದು.

ಹೊಸ ಮರಳಿಗೆ ಒಂದೇ ದಿನದಲ್ಲಿ ಬದಲಾಯಿಸಬಾರದು. ಹಳೆಯದರಲ್ಲಿ ದಿನಕ್ಕಿಷ್ಟು ಹೊಸದು ಬೆರೆಸುತ್ತ ಒಂದು ವಾರ, ಹತ್ತು ದಿನ ತೆಗೆದುಕೊಳ್ಳಿ. ಯಾವುದು ಇಷ್ಟವೋ ತಿಳಿಯದಿದ್ದರೆ ಎರಡು ಟಬ್ ಅಕ್ಕಪಕ್ಕ ಇಟ್ಟು ಬೆಕ್ಕನ್ನೇ ಕೇಳಿ. ಟಬ್ಬಿನ ಉದ್ದ ಬೆಕ್ಕಿನ ಒಂದೂವರೆ ಪಟ್ಟಿರಲಿ. ಬೆಕ್ಕು ಎಷ್ಟಿದೆಯೋ ಅದಕ್ಕಿಂತ ಒಂದು ಟಬ್ ಹೆಚ್ಚಿರಲಿ. ಊಟದ ತಟ್ಟೆಯಿಂದ ದೂರವಿರಲಿ.

ಬಸುರಿಯರಿರುವ ಮನೆಯಲ್ಲಿ ಇನ್ನೊಂದು ಎಚ್ಚರ. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮ ಪರಾವಲಂಬಿಯ ಮೊಟ್ಟೆಗಳಿರಬಹುದು. ಹೊಟ್ಟೆಯಲ್ಲಿರುವ ಮಗುವಿಗೆ ಅದು ತೊಂದರೆ. ಆ ಮೊಟ್ಟೆ ಸೋಂಕು ತಗುಲಿಸುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ಆದ್ದರಿಂದ ದಿನಾ ತೆಗೆದರೆ ಭಯ ಬಹಳ ಕಡಿಮೆ. ಆ ಕೆಲಸವನ್ನು ಗಂಡಸರು ಮಾಡಲಿ. ಬೆಕ್ಕನ್ನು ಮನೆಯಿಂದ ಓಡಿಸಬೇಕಾಗಿಲ್ಲ. ತೆಗೆದದ್ದನ್ನು ಸೊಪ್ಪಿನ ಮಡಿಗೆ ಮಾತ್ರ ಹಾಕಬೇಡಿ, ಮಣ್ಣಲ್ಲಿ ಅದು ವರ್ಷ ಕಳೆದರೂ ಬದುಕಿರುತ್ತದೆ.

ಇಷ್ಟೆಲ್ಲ ಕೇಳಲು ಈಗ ಈ ಸೀಮೆಯವರು ಮದರಾಸಿಗೆ ಹೋಗಬೇಕಾಗಿಲ್ಲ. ತಮಿಳುನಾಡಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ 2020ರಲ್ಲಿ ತೇನಿಯ ಹತ್ತಿರ ಕಾಲೇಜು ತೆರೆದಿದೆ. ದನ, ಕುರಿ, ಕೋಳಿ ಅಂತ ಹೋಗುವವರು ಬೆಕ್ಕನ್ನೂ ಒಂದು ಬುಟ್ಟಿಯಲ್ಲಿ ಒಯ್ಯಲು ನಾಚಬಾರದು.

ಹಾಲಿನ ಲೆಕ್ಕದ ಪುಸ್ತಕ

ಕೊನೆಗೆ ಚಿಕ್ಕಮ್ಮನ ಮನೆಯಲ್ಲಿ ಗೊತ್ತಾದದ್ದು ಹೀಗೆ: ಒಂದು ಬದಿ ಕೊಯ್ದ ಎರಡು ಟಬ್. ಒಂದರಲ್ಲಿ ವಾಸನೆಯಿಲ್ಲದ ನುಣ್ಣನೆ ಜೇಡಿ, ಕೊಂಡದ್ದು. ಇನ್ನೊಂದರಲ್ಲಿ ತೊಳೆದ ತೆಂಗಿನ ಪುಡಿ, ಪುಕ್ಕಟೆ. ಮುದಿ ಕೊತ್ತಿ ಮೂತ್ರಕ್ಕೆ ಜೇಡಿಯನ್ನೂ ಇನ್ನೊಂದಕ್ಕೆ ತೆಂಗಿನ ಪುಡಿಯನ್ನೂ ತಾನೇ ಆರಿಸಿಕೊಂಡಿತು. ಹೀಗಾಗಿ ಖರ್ಚೂ ಅರ್ಧ ಉಳಿಯಿತು. ಮೂತ್ರಪಿಂಡ ಮರಳಿನಿಂದ ವಾಸಿಯಾಗುವುದಿಲ್ಲ. ಅದಕ್ಕೆ ವೈದ್ಯರು ಹೇಳಿದ ಆಹಾರ, ನೀರು, ಔಷಧಿ ನಡೆದೇ ಇದೆ.

ಹೋದ ಸಲ ಹೋದಾಗ ಅಡುಗೆಮನೆಯ ಮೊಳೆಗೆ ತೂಗಿಸಿದ್ದ ಹಾಲಿನ ಲೆಕ್ಕದ ಪುಸ್ತಕ ನೋಡಿದೆ. ಒಂದು ಕಡೆ ಹಾಲು ಅರ್ಧ ಲೀಟರು, ಮುಕ್ಕಾಲು ಲೀಟರು. ಪಕ್ಕದಲ್ಲಿ ಪೆನ್ಸಿಲಿನಲ್ಲಿ 4, 4, 5, 4 ಅಂತ ಸಾಲಾಗಿ ಅಂಕಿ.

"ಇದೇನು ಚಿಕ್ಕಮ್ಮ?"

"ಉಂಡೆ ಲೆಕ್ಕ ಕಣೋ. ನಾಲ್ಕಿದ್ರೆ ನೆಮ್ಮದಿ. ಮೂರಾದ್ರೆ ಆವತ್ತೇ ಡಾಕ್ಟ್ರಿಗೆ ಫೋನು." ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದರು, "ನಿನಗಲ್ಲ."